ಬಿಲಿಯರ್ಡ್ಸ್ ಭವನವನ್ನು ಒಳಗಿನಿಂದ ನೋಡಬೇಕು

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ ಕಟ್ಟಿದ ಬಿಲಿಯರ್ಡ್ಸ್ ಭವನಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಮುಂಭಾಗದ ಅಲಂಕಾರವೊಂದನ್ನು ಬಿಟ್ಟರೆ ಅವು ಬರಿಯ ಗೋದಾಮುಗಳಂತಿದ್ದವು ಎಂಬ ಮಾತನ್ನು ಮಾತ್ರ, ನಿವೃತ್ತ ಸಿವಿಲ್ ಎಂಜಿನಿಯರ್ ಆದ ನಾನು ಒಪ್ಪಲಾರೆ. ಮಗಳ ಮನೆಗೆಂದು ಮ್ಯಾಂಚೆಸ್ಟರಿಗೆ ಹೋಗಿದ್ದಾಗ, ಅಲ್ಲಿನ ಚೋರ್ಲ್ಟನ್ ಬಡಾವಣೆಯಲ್ಲಿರುವ ಅಂಥದೊಂದು ಭವನವನ್ನು ಹಲವು ಬಾರಿ ಒಳಹೊಕ್ಕು ನೋಡಿದ್ದೇನೆ.

ದುಡಿಯುವ ಜನ ಸಂಜೆಯಾದರೆ ಹೆಂಡದಂಗಡಿಯತ್ತ ಹೋಗದಿರಲೆಂದು, ಪಾನನಿರೋಧ ಚಳವಳಿಯ ಹಿನ್ನೆಲೆಯಲ್ಲಿ 1906ರಲ್ಲಿ ಲ್ಯಾಂಕಾಷೈರಿನ ಪೆಂಡಲ್ಟನ್‌ನಲ್ಲಿ ಹುಟ್ಟಿದ ಟೆಂಪರೆನ್ಸ್ ಬಿಲಿಯರ್ಡ್ ಹಾಲ್ ಕಂಪನಿಯು, ಮದ್ಯವಿಲ್ಲದ ಆಟದ ಮನೆಗಳನ್ನು ಉತ್ತರ ಇಂಗ್ಲೆಂಡಿನಲ್ಲೂ ಲಂಡನ್ನಿನಲ್ಲೂ ಕಟ್ಟಿಸಿತು. ಚೋರ್ಲ್ಟನ್ನಿನದು 1907ರದು, ವಾಸ್ತುಶಿಲ್ಪಿ ನಾರ್ಮನ್ ಇವಾನ್ಸ್. ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ 1910ರಲ್ಲಿ ಎದ್ದು ನಿಂತ ಭವನವೂ ಅವರದೇ ಕೃತಿ.

ಈ ಕಟ್ಟಡಗಳ ಆಕಾರವನ್ನು ನಿರ್ಧರಿಸಿದ್ದು ಆಟದ ಮೇಜು. ಪೂರ್ಣ ಪ್ರಮಾಣದ ಮೇಜು 12 ಅಡಿ ಉದ್ದ, 6 ಅಡಿ ಅಗಲ. ಬಟ್ಟೆಯ ಅಡಿಯಲ್ಲಿ ದಪ್ಪನೆಯ ಸ್ಲೇಟ್ ಕಲ್ಲಿನ ಚಪ್ಪಡಿಗಳಿರುವುದರಿಂದ ಅದರ ಭಾರವನ್ನು ತಾಳುವ ಗಟ್ಟಿ ನೆಲ ಬೇಕು. ಕ್ಯೂ ಕೋಲನ್ನು ಹಿಂದಕ್ಕೆಳೆದು ಹೊಡೆಯಲು ನಾಲ್ಕೂ ಕಡೆ ಸುಮಾರು ಐದು ಅಡಿ ತೆರವಿರಬೇಕಾದ್ದರಿಂದ ಸಾಲುಸಾಲು ಮೇಜುಗಳ ನಡುವೆ ಕಂಬ ನಿಲ್ಲಿಸುವಂತಿಲ್ಲ. ಪಕ್ಕದ ಕಿಟಕಿಯ ಬೆಳಕಷ್ಟೇ ಆದರೆ ಆಟಗಾರನ ನೆರಳೇ ಚೆಂಡಿನ ಮೇಲೆ ಬೀಳುತ್ತದೆ; ಬೆಳಕು ಮೇಲಿನಿಂದ, ಸಮವಾಗಿ ಇಳಿಯಬೇಕು. ಇಷ್ಟನ್ನೂ ಒಟ್ಟಿಗೆ ಪೂರೈಸಲು ಇವಾನ್ಸ್ ಆರಿಸಿಕೊಂಡದ್ದು, ಮಗುಚಿಟ್ಟ ದೋಣಿಯಂತೆ ಇಡೀ ಸಭಾಂಗಣವನ್ನು ಒಂದೇ ಹರವಿನಲ್ಲಿ ಮುಚ್ಚುವ ಕಮಾನು ಚಾವಣಿಯನ್ನು. ಅದರ ಕೆಳಗೆ ನಿಂತು ಕತ್ತೆತ್ತಿದಾಗ, ಅದರ ಬಾಗು ಎರಡೂ ಗೋಡೆಗಳತ್ತ ಸಲೀಸಾಗಿ ಇಳಿದುಬರುವುದನ್ನು ಕಂಡು ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಬಳ್ಳಿಯಂತೆ ಬಳುಕುವ ಗೆರೆಗಳ ಬಣ್ಣದ ಗಾಜು ಕೂಡ ಸೊಗಸೇ, ಆದರೆ ಅದು ಆಮೇಲಿನ ಮಾತು. ಇದನ್ನು ಗೋದಾಮು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾನೂನಿನ ರಕ್ಷಣೆಯಿರುವ ಗ್ರೇಡ್-2 ಪಾರಂಪರಿಕ ಕಟ್ಟಡವಾಗಿರುವ ಚೋರ್ಲ್ಟನ್ನಿನ ಆ ಭವನವೀಗ ಮದ್ಯ ಮಾರುವ ಪಬ್ ಆಗಿದೆ. ಕಟ್ಟಿಸಿದವರ ಉದ್ದೇಶ ನೆನೆದರೆ ಬೇಸರವಾಗುತ್ತದೆ. ಆದರೂ ಸಭಾಂಗಣವನ್ನು ಕೋಣೆಗಳಾಗಿ ಒಡೆಯದೆ, ಚಾವಣಿಯನ್ನು ಮರೆಮಾಡದೆ ಬಳಸುತ್ತಿರುವುದರಿಂದ ಮೇಜುಗಳು ಎಲ್ಲಿದ್ದಿರಬಹುದೆಂದು ಇಂದಿಗೂ ಊಹಿಸಬಹುದು. ಬೇರೊಂದು ಊರಿನ ಹಳೆಯ ಆಟದ ಭವನದಲ್ಲಿ ಫಾಲ್ಸ್ ಸೀಲಿಂಗ್ ಹಾಕಿ ಕಮಾನನ್ನೇ ಮುಚ್ಚಿದ್ದರು. ಹೊರಗೋಡೆ ಮಾತ್ರ ಚೊಕ್ಕಟವಾಗಿ ಉಳಿದಿತ್ತು.

ತಮ್ಮ ಬರಹದೊಂದಿಗಿದ್ದ ಮೂರು ಚಿತ್ರಗಳೂ ಬೀದಿಯಿಂದ ತೆಗೆದವು. ಈ ವಿಷಯವನ್ನು ಮತ್ತೊಮ್ಮೆ ಕೈಗೆತ್ತಿಕೊಂಡಾಗ ಒಳಾಂಗಣದ ಒಂದು ಚಿತ್ರವನ್ನೂ, ಸಾಧ್ಯವಾದರೆ ಚಾವಣಿಯ ಅಡ್ಡಸೀಳು ನಕ್ಷೆಯೊಂದನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಂಜಿನಿಯರ್, ಮೈಸೂರು