ನೀ ಮಿಸೆಸ್ ರಾಮ್ಸೆ ಆಗ್ತೀಯೇನು?

ಕಲಬುರಗಿ

ಚಿ. ಪುಟ್ಟಿಗೆ, ಮೌಶಿಯ ಆಶೀರ್ವಾದ.

ನಿನ್ನ ಪತ್ರ ಮುಟ್ತು. ಮದ್ವಿ ತಯಾರಿ, ಬೀದರಿನವರ ಸುದ್ದಿ ಎಲ್ಲಾ ನಿಮ್ಮವ್ವ ಫೋನಿನಾಗ ಹೇಳ್ಯಾಳ, ಅದನ್ನ ಬಿಡು. ಕಡೀಕ ಒಂದು ಸಾಲು ಬರದೀಯಲ್ಲ, 'ಮದ್ವಿ ಆದ ಮ್ಯಾಲ ನಾನೂ ಮಿಸೆಸ್ ರಾಮ್ಸೆ ಆಗಿಬಿಡ್ತೀನೇನೋ' ಅಂತ, ಅದನ್ನ ಓದಿದಾಗಿಂದ ಮನಸ್ಸು ನೆಟ್ಟಗಿಲ್ಲ.

ಆಕಿ ಇರೋ 'ಟು ದಿ ಲೈಟ್‌ಹೌಸ್' ನಾ ಹುಡುಗ್ಯಾರಿಗೆ ಕಲಿಸೀನಿ. ವರ್ಜಿನಿಯಾ ವುಲ್ಫ್‌ಳ 1927ರ ಇಂಗ್ಲಿಷ್ ಕಾದಂಬರಿ, ಆದ್ರ ಆ ಮನಿ ನಮ್ಮ ಓಣ್ಯಾಗೇ ಅದ ಅನಸ್ತಿತ್ತು. ಮಿಸೆಸ್ ರಾಮ್ಸೆ ಎಂಟು ಮಕ್ಕಳ ತಾಯಿ, ಕೈಯಾಗ ಕಾಲುಚೀಲದ ಹೆಣಿಕಿ. ಗಂಡ ಬಂದು ಮುಂದ ನಿಂತ್ರ ಆತನ ಹೆಸರು ಉಳೀತದೋ ಇಲ್ಲೋ ಅನ್ನೋ ಚಿಂತಿನೂ ಈಕಿನೇ ಇಳಸಬೇಕು. ಅಂಥಾಕಿ ಸತ್ತದ್ದನ್ನ ವುಲ್ಫ್ ಕಂಸದಾಗ ಹೇಳಿ ಮುಗಿಸ್ಯಾಳ, ಅದೂ ಗಂಡ ಕೈ ಚಾಚಿದ ವಾಕ್ಯದ ನಡುವ. ನೀ ಅಂಜಿದ್ದು ಆ ಕಂಸಕ್ಕೇ ಇರಬೇಕು.

ಆದ್ರ ಆ ಮನಿಗೆ ಅತಿಥಿಯಾಗಿ ಬಂದ ಲಿಲಿನ್ನ ಮರೀಬ್ಯಾಡ. ಮದ್ವಿ ಒಲ್ಲೆ ಅಂದಾಕಿ, ಚಿತ್ರ ತೆಗಿಯಾಕಿ. ಹೆಣ್ಮಕ್ಕಳಿಗೆ ಚಿತ್ರ ತೆಗಿಲಿಕ್ಕೆ ಬರಂಗಿಲ್ಲ, ಬರಿಲಿಕ್ಕೂ ಬರಂಗಿಲ್ಲ ಅಂದ ಟ್ಯಾನ್ಸ್‌ಲಿ, ರಾಮ್ಸೆಯ ಶಿಷ್ಯ, ಊಟದಾಗ ಮಾರಿ ಊದಿಸ್ಕೊಂಡು ಕುಂತ್ರ, ಅವನನ್ನ ಮಾತಿಗೆ ಎಳದಾಕಿ ಲಿಲಿನೇ. ಮೊದಲು ಸುಮ್ಮನ ಕೂಡ್ತಾಳ, ಆಮ್ಯಾಲ ಮಿಸೆಸ್ ರಾಮ್ಸೆ ಮಾರಿ ನೋಡಿ ಸೋಲ್ತಾಳ.

ನನಗೂ ತಪ್ಪಲಿಲ್ಲ. ಸ್ಟಾಫ್ ಮೀಟಿಂಗಿನಾಗ ಅಷ್ಟು ಗಂಡಸರಿದ್ರೂ ಚಹಾದ ಕಿಟ್ಲಿ ನನ್ನ ಕಡೀಗೇ ಸರೀತಿತ್ತು. ಅವ್ವ ಹಾಸಿಗಿ ಹಿಡದಾಗ, ಗಂಡ ಮಕ್ಕಳಿಲ್ಲದಾಕಿ ಪುರಸೊತ್ತಿನಾಕಿ ಅಂತ ಎಲ್ಲಾರೂ ನನ್ನ ನೋಡಿದ್ರು. ಪಿಎಚ್.ಡಿ. ಹಾಳಿ ಕಬ್ಬಿಣದ ಕಪಾಟಿನಾಗ ಕುಂತ್ವು. ಅವ್ವನ ಸೇವಾ ಮಾಡಿದ್ದಕ್ಕ ಬ್ಯಾಸರಿಲ್ಲ, ಖರೇನ. ಹಾಳಿ ನೆನಪಾದ್ರ ಮಾತ್ರ ಇವತ್ತಿಗೂ ಸಿಟ್ಟು ಬರ್ತದ, ಯಾರ ಮ್ಯಾಲ ಅಂತ ತಿಳಿಯಂಗಿಲ್ಲ. ಕಂಡ ಹುಡುಗ್ಯಾರಿಗೆಲ್ಲಾ ಮದ್ವಿ ಆಗು ಅನ್ನಾಕಿನೂ ಮಿಸೆಸ್ ರಾಮ್ಸೆನೇ, ನಮ್ಮವ್ವನ್ಹಂಗ. ವುಲ್ಫ್ ತನ್ನ ತಾಯಿನ್ನ ನೆನಸಿ ಈಕಿನ್ನ ಬರದಾಳ. ತಾಯಿ ಹೋದಾಗ ಆಕಿಗೆ 13 ವರ್ಷ. ಅದಕ್ಕೇ ಪೂರಾ ಬೈಲಿಕ್ಕೂ ಆಗಿಲ್ಲ, ಪೂರಾ ಒಪ್ಪಲಿಕ್ಕೂ ಆಗಿಲ್ಲ.

ಮತ್ತ ಅದೇ ಮಾತಿಗೆ ಬರ್ತೀನಿ. ಆಗ್ತೀಯೇನು? ಒಂದಿಷ್ಟು ಆಗ್ತಿ. ಗಂಡ ಇಲ್ಲದೇನೇ ನಾ ಆಗೀನಿ. ಪೂರಾ ಆಗಬ್ಯಾಡ ಅನ್ನಬಹುದು, ಹೆಂಗ ಅಂತ ಹೇಳೋ ಶಾಣ್ಯಾತನ ನನಗಿಲ್ಲ. ಆ ಊಟದ ನಡುವನೇ ಲಿಲಿ ಉಪ್ಪಿನ ಬಟ್ಟಲ ಎತ್ತಿ ಮೇಜಿನ ಬಟ್ಟಿ ಮ್ಯಾಲಿನ ಹೂವಿನ ಮ್ಯಾಲ ಇಡ್ತಾಳ, ಚಿತ್ರದಾಗ ಗಿಡ ನಡುವಕ್ಕ ಸರಸಬೇಕಂತ ಗುರ್ತಿಗೆ. ಆಗ ಆಕಿಗೆ 33, ಚಿತ್ರ ಮುಗದಾಗ 44. ಅಷ್ಟು ತಡ ಆದ್ರೂ ಗುರ್ತು ಅಳಿಸಿಲ್ಲ.

ನಿನ್ನ ಥೀಸಿಸ್‌ನ ಎರಡನೇ ಅಧ್ಯಾಯ ಮದ್ವಿ ಮುಂಚೇನ ಗೈಡ್ ಕೈಗೆ ಕೊಡು. ಬೀದರಿನ ಮನ್ಯಾಗ ನಿನಗಂತ ಒಂದು ಟೇಬಲ್ ಕೇಳು. ತಪ್ಪು ತಿಳ್ಕೋತಾರೇನೋ, ಆದ್ರೂ ಕೇಳು. ಹುಡುಗನ ಜೋಡಿ ಊಟಕ್ಕ ಕುಂತ್ರ ಆತ ತನ್ನ ತಾಟು ತಾ ಎತ್ತತಾನೇನು ನೋಡು. ಸಣ್ಣ ಮಾತು, ನಗಬ್ಯಾಡ.

ನನ್ನ ಹಳೇ ಪ್ರತಿ ಕೇಳಿದ್ದಿ. ಬೈಂಡಿಂಗ್ ಬಿಟ್ಟದ, ಅಂಚಿನಾಗೆಲ್ಲಾ ಪೆನ್ಸಿಲ್‌ಲೆ ಗೀಚೀನಿ. ಕಳಸ್ತೀನಿ, ವಾಪಸ್ ಕೊಡಬ್ಯಾಡ.

ನಿನ್ನ ಮೌಶಿ