ಟಯರ್ ಬದಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗೆ ಮುಂಚೆ ಲಾರಿಗೆ ಟಯರ್ ಹಾಕಿಸುವವರು ಸುಮ್ನೆ ರೇಟು ಮಾತ್ರ ಕೇಳಬೇಡಿ. 10.00 ಆರ್ 20 ಸೈಜಿನ, 16 ಪ್ಲೈ (ಪದರದ ಬಲ) ಟಯರಿನ ಬದಿಯಲ್ಲಿ 146/143 ಅಂತ ಭಾರ ಹೊರುವ ನಂಬರ್ ಇರುತ್ತದೆ, ಓದಿ. ಒಂಟಿಯಾಗಿ ಹಾಕಿದರೆ 3000 ಕಿಲೋ, ಜೋಡಿಯಲ್ಲಾದರೆ ತಲಾ 2725 ಕಿಲೋ ಹೊರುತ್ತದೆ. ಅದೂ ಗಾಳಿ ಸರಿ ಇದ್ದರೆ. ಲಾರಿ ಕಂಪನಿ ಹೇಳಿದ್ದಕ್ಕಿಂತ ಈ ನಂಬರ್ ಕಡಿಮೆ ಇರುವುದು ಬೇಡವೇ ಬೇಡ.

ಹಿಂದಿನ ಜೋಡಿಯಲ್ಲಿ ಒಂದು ಹೊಸತು, ಒಂದು ಸವೆದದ್ದು ಹಾಕಬೇಡಿ. ಕಳೆದ ವರ್ಷ ಉಳಿತಾಯ ಅಂತ ನಾನೇ ಹಾಗೆ ಮಾಡಿದ್ದೆ. ಪಣಂಬೂರಿನಲ್ಲಿ ಲೋಡು ಹಾಕಿ ಶಿರಾಡಿ ಹತ್ತುವಾಗ ಹೊಸದೇ ಒಡೆಯಿತು! ಎತ್ತರದ ಟಯರ್ ಮೇಲೇ ಭಾರ ಜಾಸ್ತಿ ಬೀಳುವುದು ಅಲ್ವಾ. ಇಳಿದು ಮುಟ್ಟಿದರೆ ಕೈ ಸುಡುತ್ತಿತ್ತು. ಆ ರಾತ್ರಿ ಘಾಟಿಯಲ್ಲೇ ಕಳೆಯಿತು.

ರೀಸೋಲ್ (ಸವೆದ ಟಯರಿಗೆ ಹೊಸ ರಬ್ಬರ್ ಹಾಕಿಸಿದ್ದು) ಹಿಂದಕ್ಕೆ ಆಗಬಹುದು, ಮುಂದಕ್ಕೆ ಬೇಡ. ಟ್ರೈಲರ್ ಎಳೆಯುವವರು ಎಳೆಯುವ ಚಕ್ರಕ್ಕೆ ಲಗ್ (ಅಡ್ಡ ಗೀರಿನದ್ದು) ಹಾಕಿ, ಟ್ರೈಲರಿಗೆ ಉದ್ದ ಗೀರಿನದ್ದು ಸಾಕು. ತಯಾರಾದ ತಾರೀಕೂ ನೋಡಿ, 2324 ಅಂದರೆ 2024ರ 23ನೇ ವಾರ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲೇ ಅಳೆಯಿರಿ, ಓಡಿಸಿ ಬಂದ ಮೇಲಲ್ಲ.

ಯಾರಿಗೆ ಎಷ್ಟು ಬೇಕು, ಸೈಜ್ ಸಮೇತ ಶನಿವಾರದೊಳಗೆ ಇಲ್ಲಿ ಹಾಕಿ. ಒಟ್ಟಿಗೆ ತೆಗೆದುಕೊಂಡರೆ ರೇಟು ಸ್ವಲ್ಪ ಮಾತಾಡಬಹುದು.