41ನೇ ಪುಟದಲ್ಲಿ ಶುರುವಾಗುವ ಕಾದಂಬರಿ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ವಯಸ್ಸಿನ ಸಲಿಗೆಯಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಸ್ಪರ್ಧೆಯಲ್ಲಿ ಹೆಸರು ಬರಲಿಲ್ಲ, ಆಮೇಲೆ ಪ್ರಕಾಶಕರೊಬ್ಬರು ‘ಹತ್ತು ಪುಟಕ್ಕಿಂತ ಮುಂದೆ ಹೋಗಲಾಗಲಿಲ್ಲ’ ಎಂದು ವಾಪಸು ಕೊಟ್ಟರು, ಅವತ್ತಿನಿಂದ ಒಂದು ಸಾಲೂ ಬರೆದಿಲ್ಲ ಎಂದಿದ್ದೀಯ. ಕೊನೆಗೆ ಕೇಳಿದ್ದೀಯ: ಓದುಗರನ್ನು ಹಿಡಿದು ಕೂರಿಸುವ ಮೊದಲ ಸಾಲು ಬರೆಯುವುದು ಹೇಗೆ?

ಮೊದಲ ಸಾಲಿನ ಗೊಡವೆ ಬಿಡು. ಅದು ಚಿಕ್ಕದಿರಬೇಕೋ ಉದ್ದವಿರಬೇಕೋ, ಮಾತಿನಿಂದ ಶುರುವಾಗಬೇಕೋ ವರ್ಣನೆಯಿಂದಲೋ, ಇವೆಲ್ಲ ಯಾವುದಾದರೂ ಕಮ್ಮಟದಲ್ಲಿ ಒಂದು ಮಧ್ಯಾಹ್ನ ಕೂತರೆ ಸಿಗುತ್ತದೆ. ನನ್ನ ತಕರಾರು ಬೇರೆ. ನಿನ್ನ ಮೊದಲ ನಲವತ್ತು ಪುಟಗಳನ್ನು ನೀನು ಬರೆದಿಲ್ಲ. ಯಾರೋ ಮೆಚ್ಚಲಿ ಎಂಬ ಆಸೆ, ಯಾರೋ ಎದ್ದು ಹೋದಾರು ಎಂಬ ಹೆದರಿಕೆ, ಇವೆರಡು ಸೇರಿ ಬರೆದಿವೆ.

ನಿನ್ನ ಕಾದಂಬರಿ ತೆರೆಯುವುದು ಹೆಣದಿಂದ. ಘಟಪ್ರಭೆಯ ಹಿನ್ನೀರಿನಲ್ಲಿ ಬೆಳಗಿನ ಜಾವ ತೇಲಿ ಬರುತ್ತದೆ, ಮುಖ ಕಾಣುವುದಿಲ್ಲ, ದಂಡೆಯ ಮೇಲೆ ಯಾರೋ ಚೀರುತ್ತಾರೆ. ಒಂದೂವರೆ ಪುಟಕ್ಕೆ ಅದು ಮುಗಿದು ‘ಹಲವು ವರ್ಷಗಳ ಹಿಂದೆ’ ಎಂಬ ತಲೆಬರಹ ಬರುತ್ತದೆ. ಅಲ್ಲಿಂದ ಆಲಮಟ್ಟಿ ಅಣೆಕಟ್ಟಿನ ಚರಿತ್ರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು, ನೀರು 519.60 ಮೀಟರಿಗೆ ನಿಲ್ಲಬೇಕೋ 524.256ಕ್ಕೆ ಏರಬೇಕೋ ಎಂಬ ರಾಜ್ಯಗಳ ಜಗಳ, ನ್ಯಾಯಮಂಡಳಿ, ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಸೆಕ್ಟರುಗಳು. ಅಂಕಿಗಳು ಸರಿಯಾಗಿವೆ. ಕಷ್ಟಪಟ್ಟು ಕೂಡಿಸಿದ್ದೀಯ ಎಂಬುದೂ ಕಾಣುತ್ತದೆ. ಅದಾದ ಮೇಲೆ ಮನೆತನದ ಐದು ತಲೆಮಾರು, ಯಾರು ಯಾರಿಗೆ ದತ್ತು ಹೋದರು, ಯಾವ ಹೊಲ ಯಾರ ಪಾಲಿಗೆ ಬಂತು. ನಾನೂ ಹತ್ತನೇ ಪುಟದಲ್ಲಿ ಪ್ರತಿಯನ್ನು ಕೆಳಗಿಟ್ಟವರ ಪೈಕಿಯೇ ಆಗುತ್ತಿದ್ದೆ. ನಿನ್ನ ಪತ್ರದಲ್ಲಿದ್ದ ಸಂಕಟ ನನ್ನನ್ನು ಮುಂದಕ್ಕೆ ತಳ್ಳಿತು.

ತಳ್ಳಿದ್ದು ಒಳ್ಳೆಯದಾಯಿತು. 41ನೇ ಪುಟದಲ್ಲಿ ನಿನ್ನ ಅಜ್ಜಿ ಬಡಿಗನನ್ನು ಕರೆಸುತ್ತಾಳೆ. ಬಾಗಲಕೋಟೆಯ ಹಳೇ ಊರು ಮುಳುಗುವುದು ಖಾತ್ರಿಯಾಗಿದೆ, ಓಣಿಯವರೆಲ್ಲ ಬಾಗಿಲು, ಕಿಟಕಿ, ತೊಲೆ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದಾರೆ. ಅಜ್ಜಿಗೆ ಬೇಕಾಗಿರುವುದು ಹೊಸ್ತಿಲು. ಬಡಿಗ ಬಗ್ಗಿ ನೋಡಿ, “ಇದನ್ನ ಕಿತ್ತರ ಗ್ವಾಡಿ ನಿಲ್ಲೂದಿಲ್ರೀ ಅವ್ವಾರ” ಎನ್ನುತ್ತಾನೆ. ಅವಳು, “ಮುಳುಗೂ ಗ್ವಾಡಿ ನಿಂತು ಏನ ಮಾಡತೈತೋ, ತಗೀ” ಎನ್ನುತ್ತಾಳೆ. ಸೊಸೆ ಒಳಗಿನಿಂದಲೇ, ಹೊಸ ಮನೆಯ ಬಾಗಿಲಿನ ಅಳತೆ ಬೇರೆ ಐತಿ, ಇದು ಅಲ್ಲಿ ಕೂಡೂದಿಲ್ಲ ಎಂದು ಕೂಗುತ್ತಾಳೆ. ಕೂಲಿ ಎಷ್ಟು ಎಂಬ ಚೌಕಾಸಿ ನಡೆಯುತ್ತದೆ. ನಾನು ಕನ್ನಡಕ ತೆಗೆದು ಒರೆಸಿಕೊಂಡು ಆ ಪುಟವನ್ನು ಮತ್ತೆ ಓದಿದೆ.

ನಿನ್ನ ಕಾದಂಬರಿ ಶುರುವಾಗುವುದು ಅಲ್ಲಿ. ಅದಕ್ಕಿಂತ ಹಿಂದಿನದೆಲ್ಲ ನೀನು ಅಲ್ಲಿಗೆ ಬಂದು ಮುಟ್ಟಲು ನಡೆದ ದಾರಿ. ನಿನಗೆ ಬೇಕಿತ್ತು, ಓದುವವರಿಗೆ ಬೇಡ.

ಹೆಣದ ವಿಷಯಕ್ಕೆ ಬರುತ್ತೇನೆ. ಅದನ್ನು ಮುಂದಿಟ್ಟದ್ದು ಯಾಕೆ ಎಂದು ನೀನೇ ಬರೆದಿದ್ದೀಯ: ಗೆಳೆಯರು ಓದಿ, ‘ಶುರುವಿನಲ್ಲಿ ಏನಾದರೂ ಆಗಬೇಕು, ಈಗಿನವರಿಗೆ ತಾಳ್ಮೆ ಇಲ್ಲ, ಮೊಬೈಲಿಗೆ ಹೋಗಿಬಿಡುತ್ತಾರೆ’ ಎಂದರಂತೆ. ‘ಸಂಸ್ಕಾರ’ದಲ್ಲೂ ಹೆಣದಿಂದಲೇ ಶುರುವಲ್ಲವೇ ಎಂದು ನಿನ್ನ ಸಮರ್ಥನೆ. ತಂಗಿ, ಆ ಪುಟಗಳನ್ನು ಇನ್ನೊಮ್ಮೆ ತೆಗೆದು ಓದು. ಅನಂತಮೂರ್ತಿಯವರು ಹೆಣದಿಂದ ಶುರು ಮಾಡಿಲ್ಲ. ಪ್ರಾಣೇಶಾಚಾರ್ಯರು ರೋಗಿಷ್ಠೆ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವಲ್ಲಿಂದ ಕಥೆ ಹೊರಡುತ್ತದೆ. ದಿನವೂ ಮಾಡುವ ಕೆಲಸ. ಅದು ಮುಗಿದು ತಾವು ಊಟಕ್ಕೆ ಕೂರಬೇಕು ಎನ್ನುವಾಗ ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಅಂಗಳಕ್ಕೆ ಬರುತ್ತಾಳೆ, ಅವನು ಸತ್ತ ಸುದ್ದಿ ತರುತ್ತಾಳೆ. ಸತ್ತದ್ದು ಹೇಗೆ, ಕೊಂದವರು ಯಾರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಏಳುವುದು ಇಷ್ಟೇ: ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದವನ ಸಂಸ್ಕಾರ ಯಾರು ಮಾಡಬೇಕು? ಅದಾಗುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹಸಿವು, ಧರ್ಮ, ಚಂದ್ರಿ ಬಿಚ್ಚಿಟ್ಟ ಬಂಗಾರದ ಆಸೆ, ಎಲ್ಲವೂ ಆ ಒಂದು ತಡೆಯಿಂದ ಹುಟ್ಟುತ್ತವೆ. ನಾರಣಪ್ಪನ ಹೆಣವನ್ನು ತೆಗೆದರೆ ಕಾದಂಬರಿಯೇ ಇಲ್ಲ.

ನಿನ್ನ ಹೆಣವನ್ನು ತೆಗೆದು ನೋಡು. ಏನೂ ಆಗುವುದಿಲ್ಲ. ಒಂದೂವರೆ ಪುಟ ಕಡಿಮೆಯಾಗುತ್ತದೆ, ಅಷ್ಟೇ. ಆ ಹೆಣ ಯಾರದೆಂದು ತಿಳಿಯುವುದು 230ನೇ ಪುಟದಲ್ಲಿ, ಅಷ್ಟು ಹೊತ್ತಿಗೆ ನಮಗೆ ಅದು ಮರೆತೇ ಹೋಗಿರುತ್ತದೆ. ನಡುವೆ ನೀನು ಬರೆದಿರುವುದು ಮನೆ ಬಿಟ್ಟು ಹೋಗಲಾರದ ಮುದುಕಿಯ ಕಥೆ. ಕೊಲೆಯ ಕಥೆ ಎಂದು ಕರೆದು ಕೂರಿಸಿ ಮನೆಯ ಕಥೆ ಹೇಳಿದರೆ, ಕಥೆ ಎಷ್ಟೇ ಚೆನ್ನಾಗಿರಲಿ, ಕೂತವರಿಗೆ ಮೋಸವಾಯಿತು ಅನ್ನಿಸುತ್ತದೆ.

ಇದು ನನಗೆ ಬಿಸಿ ಮುಟ್ಟಿಯೇ ಗೊತ್ತಾದದ್ದು. ವಾರಪತ್ರಿಕೆಗಳ ಧಾರಾವಾಹಿಗೆ ಜನ ಕಾದು ಕೂರುತ್ತಿದ್ದ ಕಾಲವದು. ನನ್ನ ಒಂದು ಕಾದಂಬರಿಯನ್ನು ಸಂಪಾದಕರೊಬ್ಬರು ಒಪ್ಪಿಕೊಂಡರು. ಅವರ ಹೆಸರು ಬೇಡ. ಮೊದಲೆರಡು ಅಧ್ಯಾಯ ನಿಧಾನವಾಯಿತೆಂದು ನನಗೆ ಒಂದು ಮಾತೂ ತಿಳಿಸದೆ ತೆಗೆದುಹಾಕಿ, ಮದುವೆ ಮನೆಯಲ್ಲಿ ಗಂಡು ಪರಾರಿಯಾಗುವ ಮೂರನೇ ಅಧ್ಯಾಯದಿಂದ ಅಚ್ಚು ಹಾಕಿಸಿದರು. ಮೊದಲ ವಾರ ಕಾಗದಗಳು ರಾಶಿ ಬಂದವು, ಸಂಪಾದಕರು ಬೀಗಿದರು. ಆ ಗಂಡಿನ ಪರಾರಿ ನನ್ನ ಕಥೆಯಲ್ಲಿ ಸಣ್ಣ ಸಂಗತಿ. ಕಥೆ ಇದ್ದದ್ದು ಹುಡುಗಿಯ ತಂದೆ ಮತ್ತು ಅವನ ಸಾಲದ ಸುತ್ತ. ವಾರಗಳು ಕಳೆದಂತೆ, ‘ಗಂಡು ಎಲ್ಲಿ ಹೋದ? ಕಥೆ ಸಪ್ಪೆಯಾಯಿತು’ ಎಂಬ ಪತ್ರಗಳು ಶುರುವಾದವು. ಕೊನೆಗೆ ಬೇಗ ಮುಗಿಸಿಕೊಡಿ ಎಂದು ಅವರೇ ಹೇಳಿ ಕಳಿಸಿದರು. ಪುಸ್ತಕವಾಗುವಾಗ ಆ ಎರಡು ಅಧ್ಯಾಯಗಳನ್ನು ಮರಳಿ ಸೇರಿಸಿದೆ. ಅಂಗಡಿಯವನಿಂದ ಕಡ ತಂದ ಬೆಲ್ಲದ ಲೆಕ್ಕವನ್ನು ತಂದೆ ಗೋಡೆಯ ಮೇಲೆ ಬರೆದಿಡುವುದೇ ಅದರ ಆರಂಭ. ಇವತ್ತಿಗೂ ಯಾರಾದರೂ ಆ ಪುಸ್ತಕ ನೆನೆಸಿಕೊಂಡರೆ ನೆನೆಸಿಕೊಳ್ಳುವುದು ಆ ಗೋಡೆಯನ್ನು. ಆ ಸಂಪಾದಕರು ತೀರಿಕೊಂಡು ಎಷ್ಟೋ ಕಾಲವಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾದರೆ ಹಿಡಿದು ಕೂರಿಸುವುದು ಯಾವುದು? ನಾನು ಕಂಡುಕೊಂಡದ್ದು ಒಂದೇ. ಒಬ್ಬ ಮನುಷ್ಯನಿಗೆ ಈ ಹೊತ್ತು ಏನೋ ಬೇಕಾಗಿದೆ, ಅದಕ್ಕಾಗಿ ಅವನು ಎದ್ದು ಹೊರಟಿದ್ದಾನೆ. ಅದು ದೊಡ್ಡದೇ ಆಗಬೇಕೆಂದಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಶುರುವಾಗುವಾಗ ನಿರೂಪಕನಿಗೆ ಬೇಕಾಗಿರುವುದು ಜೇನುತುಪ್ಪ. ಜೇನು ಕೊಳ್ಳಲು ಹೋದವನಿಗೆ ಮಂದಣ್ಣ ಗಂಟು ಬೀಳುತ್ತಾನೆ, ಮಂದಣ್ಣನ ಹಿಂದೆ ವಿಜ್ಞಾನಿ ಕರ್ವಾಲೊ, ಕೊನೆಗೆ ಎಲ್ಲರೂ ಕಾಡಿನಲ್ಲಿ ಹಾರುವ ಓತಿಯ ಬೆನ್ನು ಹತ್ತಿ, ಕೋಟಿ ಕೋಟಿ ವರ್ಷಗಳ ಜೀವವಿಕಾಸದ ಎದುರು ನಿಲ್ಲುತ್ತಾರೆ. ಹಾರುವ ಓತಿಯನ್ನು ಮೊದಲ ಪುಟಕ್ಕೆ ತಂದು ನಮ್ಮನ್ನು ಬೆರಗುಗೊಳಿಸುವುದು ತೇಜಸ್ವಿಯವರಿಗೆ ಕಷ್ಟವಿತ್ತೇ? ಅವರು ಜೇನನ್ನು ನಂಬಿದರು. ಕಾರಂತರ ‘ಬೆಟ್ಟದ ಜೀವ’ದಲ್ಲಿ ಕತ್ತಲಾಗುತ್ತಿದೆ, ಕಾಡಿನಲ್ಲಿ ದಾರಿ ತಪ್ಪಿದೆ, ರಾತ್ರಿ ಕಳೆಯಲು ಒಂದು ಮನೆ ಬೇಕು. ಆ ಮನೆ ಗೋಪಾಲಯ್ಯನವರದು. ಅವರು ಎಂಥವರು, ಶಂಕರಮ್ಮ ಯಾಕೆ ಹಾಗೆ ಒಳಗೊಳಗೇ ಕೊರಗುತ್ತಾರೆ, ಮಗ ಎಲ್ಲಿ ಹೋದ ಎಂಬುದನ್ನೆಲ್ಲ ನಾವು ತಿಳಿಯುವುದು ಆ ಮನೆಯಲ್ಲಿ ಉಂಡು ಮಲಗಿ ಎದ್ದ ಅತಿಥಿಯಾಗಿ. ಮೊದಲೇ ಯಾರೂ ವಿವರ ಕೊಡುವುದಿಲ್ಲ.

ನಿಧಾನವಾದರೆ ಓದುಗ ಬಿಟ್ಟು ಹೋಗುತ್ತಾನೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಅವಸರ ಮಾಡುವ ಪುಸ್ತಕವಲ್ಲ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಮೇಗರವಳ್ಳಿ ಎಂದು ಊರುಗಳ ಹೆಸರುಗಳೇ ಎಷ್ಟೊಂದು. ಅಲ್ಲಿಗೇ ಸೋತು ಕೆಳಗಿಟ್ಟವರು ನನಗೆ ಗೊತ್ತು. ಅವರನ್ನು ದಡ್ಡರೆಂದು ಬೈಯುವವರನ್ನು ಕಂಡರೆ ನನಗಾಗದು. ಆದರೆ ಹಿಡಿದುಕೊಂಡು ಮುಂದೆ ಹೋದವರನ್ನು ಕೇಳು: ಗುತ್ತಿಯೂ ಅವನ ನಾಯಿ ಹುಲಿಯನೂ ಕೈಹಿಡಿದು ಕರೆದುಕೊಂಡು ಹೋದರು ಎನ್ನುತ್ತಾರೆ. ಒಬ್ಬ ಜೀತದಾಳು, ಒಂದು ನಾಯಿ, ಮುಂದೆ ಕಾಡಿನ ದಾರಿ. ಆ ಇಡೀ ಸೀಮೆಯ ಗೌಡರು, ಹೆಗ್ಗಡೆಗಳು, ಪಾದ್ರಿ ಎಲ್ಲರೂ ಆ ದಾರಿಯಲ್ಲಿ ಬಂದು ಕೂಡಿಕೊಳ್ಳುತ್ತಾರೆ.

ನೀನು ಮಾಡಿರುವುದು ಇದಕ್ಕೆ ತದ್ವಿರುದ್ಧ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದಕೂಡಲೇ ಸಾರಥಿ ಹೆಸರೇನು, ಊರಾವುದು ಎಂದು ವಿಚಾರಿಸುತ್ತಾನೆ, ಪಾತ್ರ ತನ್ನ ಪ್ರತಾಪವನ್ನೆಲ್ಲ ಹೇಳಿಕೊಳ್ಳುತ್ತದೆ. ಆಟಕ್ಕೆ ಅದು ಶೋಭೆ. ನಿನ್ನ ಪುಟಗಳಲ್ಲಿ ಹನ್ನೊಂದು ಮಂದಿ ಹಾಗೆ ಒಬ್ಬರ ಹಿಂದೊಬ್ಬರು ಬಂದು ಒಪ್ಪಿಸಿ ಹೋಗುತ್ತಾರೆ. ಅಜ್ಜಿಯನ್ನೂ ನೀನು ‘ಸಾತ್ವಿಕ ಸ್ವಭಾವದ, ಸಂಪ್ರದಾಯಸ್ಥ, ದೃಢಮನಸ್ಸಿನ ಮಹಿಳೆ’ ಎಂದು ಆರನೇ ಪುಟದಲ್ಲಿ ಪರಿಚಯಿಸಿದ್ದೀಯ. ಈ ಮುದುಕಿ ಸಾತ್ವಿಕಳೇ? ಬಡಿಗನ ಜೊತೆ ಐವತ್ತು ರೂಪಾಯಿಗೆ ಜಗಳ ಆಡುತ್ತಾಳೆ, ಸೊಸೆಯ ಮಾತು ಕೇಳಿಸಿದರೂ ಕೇಳಿಸದಂತೆ ಕೂರುತ್ತಾಳೆ, ಪಕ್ಕದ ಮನೆಯವರು ತಮ್ಮ ಬಾಗಿಲಿನ ಹಿತ್ತಾಳೆ ಚಿಲಕ ಬಿಟ್ಟು ಹೋದದ್ದನ್ನು ಕಂಡು ಸೆರಗಿನಲ್ಲಿ ಮುಚ್ಚಿ ತರುತ್ತಾಳೆ. ಇಂಥವಳನ್ನು ನೀನು ಕಣ್ಣಾರೆ ಕಂಡಿದ್ದೀಯ. ಕಂಡವಳ ಬಗ್ಗೆ ನಾಚಿಕೊಂಡು, ಬಹುಮಾನ ಕೊಡುವವರ ಎದುರು ಬೇರೆ ಒಬ್ಬಳನ್ನು ನಿಲ್ಲಿಸಿದ್ದೀಯ. ನನಗೆ ಸಿಟ್ಟು ಬಂದದ್ದು ಇಲ್ಲಿ.

ಭಾಷೆಯೂ ಹಾಗೆಯೇ. ಮೊದಲ ನಲವತ್ತು ಪುಟಗಳಲ್ಲಿ ಅರುಣೋದಯ, ಹೊಂಗಿರಣ, ಮಂದಾನಿಲ. ನಿನ್ನೂರಿನ ಬಿಸಿಲಿನಲ್ಲಿ ಮಂದಾನಿಲ ಎಲ್ಲಿಂದ ಬೀಸಬೇಕು? ಬಡಿಗ ಬಾಯಿ ತೆರೆದ ಮೇಲೆ ನಿನ್ನ ಗದ್ಯಕ್ಕೆ ಜೀವ ಬರುತ್ತದೆ, ನಿರೂಪಣೆಯ ವಾಕ್ಯಗಳೂ ನೆಟ್ಟಗಾಗುತ್ತವೆ, ವಿಶೇಷಣಗಳು ತಾವಾಗಿ ಉದುರುತ್ತವೆ. ಇದು ನಿನಗೆ ತಿಳಿಯದೆಯೇ ಆಗಿದೆ, ಅದಕ್ಕೇ ಚೆನ್ನಾಗಿದೆ.

ಆಲಮಟ್ಟಿಯ ಅಂಕಿಗಳು ವ್ಯರ್ಥವಾದವು ಎಂದು ದುಃಖಿಸಬೇಡ. ಅವು ನಿನ್ನ ಬಳಿ ಇರಲಿ. ಕಚೇರಿಯ ನೌಕರ ಬಂದು ಗೋಡೆಯ ಮೇಲೆ ನೀರು ನಿಲ್ಲುವ ಮಟ್ಟಕ್ಕೆ ಗೆರೆ ಎಳೆಯುವ ಪ್ರಸಂಗ ಒಂದು 96ನೇ ಪುಟದಲ್ಲಿದೆಯಲ್ಲ, ಅಲ್ಲಿ ಅಜ್ಜಿ ಆ ಗೆರೆ ತನ್ನ ದೇವರ ಗೂಡಿಗಿಂತ ಎಷ್ಟು ಮೇಲಿದೆ ಎಂದು ಗೇಣು ಹಾಕಿ ಅಳೆಯುತ್ತಾಳೆ. 519.60 ಮೀಟರು ಎಂದರೇನು ಎಂಬುದು ನನಗೆ ಅರ್ಥವಾದದ್ದು ಆ ಗೇಣಿನಲ್ಲಿ.

ಸ್ಪರ್ಧೆಯವರ ಮೇಲೆ ಕೋಪ ಬೇಡ. ಅಂಥ ಸಮಿತಿಗಳಲ್ಲಿ ನಾನೂ ಕೂತಿದ್ದೇನೆ. ಎದುರಿಗೆ ಪ್ರತಿಗಳ ಗುಡ್ಡೆ ಇರುತ್ತದೆ, ಸಮಯ ಇರುವುದಿಲ್ಲ, ಹತ್ತು ಪುಟದೊಳಗೆ ಮನಸ್ಸು ತೀರ್ಮಾನಕ್ಕೆ ಬಂದಿರುತ್ತದೆ. ಇದು ನ್ಯಾಯವಲ್ಲ. ಆದರೆ ಪುಸ್ತಕದಂಗಡಿಯಲ್ಲಿ ನಿಂತುಕೊಂಡೇ ಎರಡು ಪುಟ ತಿರುವಿ ಮತ್ತೆ ಕಪಾಟಿಗೆ ಸೇರಿಸುವವನದೂ ಅದೇ ನ್ಯಾಯ. ಗೆಳೆಯರ ಮೇಲೆ ಮಾತ್ರ ಸ್ವಲ್ಪ ಎಚ್ಚರ ಇರಲಿ. ಅವರು ನಿನಗೆ ಹೇಳಿದ್ದು ಈಗಿನವರಿಗೆ ಏನು ಬೇಕು ಎಂದು. ನಿನ್ನ ಅಜ್ಜಿಗೆ ಏನು ಬೇಕು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಇನ್ನು ಕೆಲಸದ ಮಾತು. ಮೊದಲ ನಲವತ್ತು ಪುಟಗಳನ್ನು ಬೇರೆ ಕಡತದಲ್ಲಿ ಎತ್ತಿಡು, ಹರಿಯಬೇಡ. ಬಡಿಗ ಬರುವಲ್ಲಿಂದ ಓದುತ್ತಾ ಹೋಗು. ಎಲ್ಲಿ ಏನೂ ತಿಳಿಯದೆ ತಡವರಿಸುವಂತಾಗುತ್ತದೋ ಅಲ್ಲಿ ಮಾತ್ರ ಹಿಂದಿನದರಿಂದ ಒಂದೆರಡು ವಾಕ್ಯ ಎತ್ತಿಕೊ. ಐದು ತಲೆಮಾರಿನಲ್ಲಿ ದತ್ತು ಹೋದ ಚಿಕ್ಕಪ್ಪನೊಬ್ಬನೇ ಉಳಿಯುತ್ತಾನೆ ಎಂದು ನನ್ನ ಅಂದಾಜು. ಹೆಣವನ್ನು 230ನೇ ಪುಟದಲ್ಲೇ ಇಡು, ಅಲ್ಲಿ ಅದು ನಿಜಕ್ಕೂ ಎದೆ ಹಿಂಡುತ್ತದೆ.

ಒಂದು ಮಾತು ಕೇಳಬೇಕು, ಉತ್ತರ ಬರೆ. ಸೊಸೆ ಅಳತೆ ಸರಿಯಿಲ್ಲ ಎಂದು ಕೂಗಿದಳಲ್ಲ, ಅವಳು ಆ ಅಳತೆಯನ್ನು ಯಾವಾಗ ತೆಗೆದುಕೊಂಡಳು? ಅಂದರೆ ಅತ್ತೆಗೆ ಹೇಳದೆ ಅವಳೊಬ್ಬಳೇ ನವನಗರದ ಮನೆ ನೋಡಿ ಬಂದಿದ್ದಾಳೆ. ಆ ಹೋಗಿಬಂದ ದಿನ ನಿನ್ನ ಕಾದಂಬರಿಯಲ್ಲಿ ಇಲ್ಲ. ಅದನ್ನು ಬರೆದು ನನಗೆ ಕಳಿಸು. ಮುಂದಿನ ಪ್ರತಿಯಲ್ಲಿ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ರಾತ್ರಿ ಹೊತ್ತು ಓದಲು ಕಣ್ಣು ಸಹಕರಿಸುವುದಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಹಿರಿಯ ಓದುಗ